ಮನೆಯಲ್ಲಿ ಹೂಮರಿಗಳ ಪೋಷಣೆ



ಕಾಲೇಜಿನಲ್ಲಿ ಪಾಠ ಹೇಳುವವರು ಕೋಳಿಮರಿಗಳ ವಿಷಯವನ್ನು ಎತ್ತಿಕೊಂಡುದೇಕೆಂದು ನಿಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾಗಬಹುದು. ವಿಷಯವು ಸಣ್ಣದೆಂಬುದೇನೋ ನಿಜ. ಆಗತಾನೆ ಮೊಟ್ಟೆಯೊಡೆದು ಬಂದ ಹೂಮರಿಯ ತೂಕ ಸುಮಾರು 40 ಗ್ರಾಂ; ಹಳೆಯ ಲೆಕ್ಕದಲ್ಲಿ ಹೇಳುವುದಾದರೆ ಮೂರೂವರೆ ತೊಲ. ಆದರೆ ಒಂದು ವಿಷಯದ ಗುರುತ್ವವನ್ನು ತಕ್ಕಡಿಯಲ್ಲಿ ನಿರ್ಣಯಿಸುವುದು ಉಚಿತವಲ್ಲ. ನಮ್ಮ ಹಳ್ಳಿಗಳಲ್ಲಿ ಹೊಲವು ಗಂಡಸಿನ ಹೆಸರಿನಲ್ಲಿರಬಹುದು, ಎತ್ತೂ ಅವನದೇ ಇರಬಹುದು. ಕೋಳಿಯು ಮಾತ್ರ ಬಹುಮಟ್ಟಿಗೆ ಮನೆಯ ಹೆಂಗಸಿನ ಸೊತ್ತು. ಮೊಟ್ಟೆ ಮಾರಿ ಬಂದ ಹಣದಿಂದ ಉಪ್ಪು ಎಣ್ಣೆಗಳಾಗುತ್ತವೆ, ಮಕ್ಕಳ ಪುಸ್ತಕವಾಗುತ್ತದೆ. ಯಾರನ್ನೂ ಕೇಳದೆ ಅವಳು ಖರ್ಚು ಮಾಡಬಹುದಾದ ಹಣ ಅದೊಂದೇ ಆಗಿರುವ ಮನೆಗಳೂ ಉಂಟು. ಅಂಥ ಮನೆಯಲ್ಲಿ ಹನ್ನೆರಡು ಮರಿಗಳೊಡನೆ ಅಂಗಳಕ್ಕಿಳಿದ ಹೇಂಟೆಯ ಹಿಂದೆ, ತಿಂಗಳು ಕಳೆಯುವುದರೊಳಗಾಗಿ ನಾಲ್ಕೋ ಐದೋ ಮಾತ್ರ ಉಳಿಯುವುದನ್ನು ಕಾಣದ ಹಳ್ಳಿಗರಿಲ್ಲ. “ಅವುಗಳ ಆಯುಸ್ಸು ಅಷ್ಟೇ” ಎಂದು ಹೇಳಿ ಸುಮ್ಮನಾಗುವುದು ನಮ್ಮ ವಾಡಿಕೆ. ಆಯುಸ್ಸಿನ ತಲೆಯ ಮೇಲೆ ನಾವು ಹೊರಿಸುವ ಈ ಹೊರೆಯಲ್ಲಿ ಬಹುಭಾಗವು ಚಳಿಯದು, ತೇವದ್ದು, ಕೊಳೆಯದು ಮತ್ತು ನಮ್ಮ ಅಲಕ್ಷ್ಯದ್ದು.

ಪಟ್ಟಣಗಳಲ್ಲಿ ಇದಕ್ಕಿಂತಲೂ ಶೋಚನೀಯವಾದ ಇನ್ನೊಂದು ದೃಶ್ಯವುಂಟು. ಜಾತ್ರೆಗಳಲ್ಲಿಯೂ ರಸ್ತೆಯ ಬದಿಗಳಲ್ಲಿಯೂ ಗುಲಾಬಿ, ಹಸಿರು, ನೇರಿಳೆ ಬಣ್ಣಗಳಲ್ಲಿ ಅದ್ದಿದ ಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮಾರುತ್ತಾರೆ. ಇವು ಸಾಮಾನ್ಯವಾಗಿ ಮೊಟ್ಟೆಯ ಕೋಳಿಗಳ ವಂಶದ ಗಂಡುಮರಿಗಳು. ಮೊಟ್ಟೆಯಿಡದ, ಮಾಂಸವೂ ಬೇಗ ತುಂಬದ ಇವುಗಳಿಂದ ಮರಿ ಮಾಡಿಸುವ ಕಾರ್ಖಾನೆಗಳಿಗೆ ಲಾಭವಿಲ್ಲವಾದುದರಿಂದ ಅಗ್ಗದ ಬೆಲೆಗೆ ಹೊರಬೀಳುತ್ತವೆ. ಮಗುವಿನ ಹಟಕ್ಕಾಗಿ ತಂದೆಯು ಎರಡು ಮರಿಗಳನ್ನು ಕೊಳ್ಳುತ್ತಾನೆ. ಮೂರನೆಯ ದಿನ ಮಗುವು ಅಳುತ್ತದೆ, ಮರಿಗಳು ಇರುವುದಿಲ್ಲ.

ಈ ಎರಡು ದೃಶ್ಯಗಳನ್ನು ಕುರಿತು ಇಂದು ನಾವು ಹೇಳಬೇಕೆಂದಿರುವುದು ಒಂದೇ ಮಾತು. ತಾಯಿಯಿಂದ ಮರಿಯನ್ನು ಅಗಲಿಸಿ ಮನೆಗೆ ತಂದವರು ಅದರೊಂದಿಗೆ ತಾಯಿಯ ಕೆಲಸವನ್ನೂ ತಂದಿರುತ್ತಾರೆ. ಆ ಕೆಲಸವು ಯಾವುದೆಂಬುದನ್ನು ತಿಳಿದುಕೊಂಡರೆ ಮರಿಯನ್ನು ಬದುಕಿಸುವುದು ಕಷ್ಟವಲ್ಲ. ತಿಳಿಯದಿದ್ದಲ್ಲಿ ಎಷ್ಟು ಪ್ರೀತಿಯಿದ್ದರೂ ಸಾಲದು.

ಮೊದಲು ಹೇಂಟೆಯನ್ನೇ ನೋಡೋಣ. ಕೋಳಿಮೊಟ್ಟೆಯು ಒಡೆಯುವುದಕ್ಕೆ 21 ದಿನಗಳು ಬೇಕು. ಬಾತಿನ ಮೊಟ್ಟೆಗೆ 28 ದಿನಗಳು. ಕೊನೆಯ ಘಟ್ಟದಲ್ಲಿ ಮೊಟ್ಟೆಯೊಳಗಿನ ಹಳದಿಯ ಉಳಿದ ಭಾಗವು ಮರಿಯ ಹೊಟ್ಟೆಯೊಳಕ್ಕೆ ಸೇರಿಕೊಳ್ಳುತ್ತದೆ. ಪ್ರಯಾಣಕ್ಕೆ ಹೊರಟ ಮಗನಿಗೆ ತಾಯಿ ಕಟ್ಟಿಕೊಡುವ ಬುತ್ತಿಯಂತೆ ಇದು ಎರಡು ದಿನಗಳ ಮಟ್ಟಿಗೆ ಅದನ್ನು ಕಾಪಾಡುತ್ತದೆ. ಹೇಂಟೆಯು ಮೊದಲು ಹೊರಬಂದ ಮರಿಗಳನ್ನು ರೆಕ್ಕೆಯಡಿಯಲ್ಲಿಟ್ಟುಕೊಂಡು, ಹಿಂದುಳಿದ ಮೊಟ್ಟೆಗಳು ಒಡೆಯುವವರೆಗೂ ಗೂಡನ್ನು ಬಿಡದೆ ಕುಳಿತಿರುವುದು ಈ ಬುತ್ತಿಯ ಬಲದಿಂದಲೇ. ಇಂದು ಮರಿಗಳನ್ನು ಪೆಟ್ಟಿಗೆಗಳಲ್ಲಿಟ್ಟು ದೂರದ ಊರುಗಳಿಗೆ ಕಳುಹಿಸುವುದು ಸಾಧ್ಯವಾಗಿರುವುದೂ ಇದರಿಂದಲೇ. ಆದರೆ ಬುತ್ತಿ ಇದೆಯೆಂದು ಮರಿಯನ್ನು ಉಪವಾಸವಿಡಬಹುದೆಂದು ಯಾರೂ ಭಾವಿಸಬಾರದು. ಮನೆಗೆ ಬಂದ ಮರಿಗೆ ನೀರೂ ಆಹಾರವೂ ಎಷ್ಟು ಬೇಗ ದೊರೆತರೆ ಅಷ್ಟು ಲೇಸು.

ಇಲ್ಲಿಯೇ ಇನ್ನೊಂದು ಮಾತು. ಮೊಟ್ಟೆಗೆ ಸಣ್ಣ ರಂಧ್ರ ಬಿದ್ದು, ಒಳಗಿನ ಮರಿಯು ಕೂಗುತ್ತಿದ್ದರೂ ಹೊರಗೆ ಬಾರದಿದ್ದಾಗ, ಚಿಪ್ಪನ್ನು ಬಿಡಿಸಿ ಸಹಾಯ ಮಾಡಬೇಕೆಂದು ಮೃದುಹೃದಯದವರಿಗೆ ತೋರುವುದು ಸಹಜ. ಹಾಗೆ ಮಾಡಬಾರದು. ರಂಧ್ರ ಬಿದ್ದ ಮೇಲೆ ಮರಿಯು ಪೂರ್ಣವಾಗಿ ಹೊರಬರಲು ಅರ್ಧ ದಿನ, ಕೆಲವೊಮ್ಮೆ ಒಂದು ಇಡೀ ದಿನವೇ ಹಿಡಿಯುವುದುಂಟು. ಆ ವೇಳೆಯಲ್ಲಿ ಪೊರೆಯ ರಕ್ತನಾಳಗಳಲ್ಲಿನ ರಕ್ತವೂ ಹಳದಿಯ ಭಾಗವೂ ದೇಹದೊಳಕ್ಕೆ ಸೇರುತ್ತಿರುತ್ತವೆ. ಅವಸರದಿಂದ ಬಿಡಿಸಿದ ಕೈಯು ರಕ್ತವನ್ನು ಹರಿಸುತ್ತದೆ. ತಾಯಿಯ ಕೆಲಸಗಳಲ್ಲಿ ಸುಮ್ಮನೆ ಕಾಯುವುದೂ ಒಂದು.

ಇನ್ನು ತಾಯಿಯ ಕೆಲಸಗಳಲ್ಲಿ ಪ್ರಥಮವಾದುದು ಕಾವು. ಹೂಮರಿಯ ಮೈಮೇಲಿರುವುದು ಗರಿಯಲ್ಲ, ನವಿರಾದ ತುಪ್ಪುಳು. ತನ್ನ ದೇಹದ ಶಾಖವನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿ ಅದಕ್ಕೆ ಹುಟ್ಟಿನಿಂದ ಬಂದಿರುವುದಿಲ್ಲ. ಅದು ಎರಡು ಮೂರು ವಾರಗಳಲ್ಲಿ ಕ್ರಮಕ್ರಮವಾಗಿ ಬರುತ್ತದೆ. ಅಂಗಳದಲ್ಲಿ ಆಡುತ್ತಿರುವ ಮರಿಗಳು ಘಳಿಗೆಗೊಮ್ಮೆ ಓಡಿಬಂದು ತಾಯಿಯ ಅಡಿಯಲ್ಲಿ ಹುದುಗುವುದನ್ನು ನೀವೆಲ್ಲರೂ ನೋಡಿದ್ದೀರಷ್ಟೆ. ಅದು ಆಟವಲ್ಲ, ಆರಿದ ಮೈಯನ್ನು ಬೆಚ್ಚಗೆ ಮಾಡಿಕೊಳ್ಳುವ ಉಪಾಯ. ತಾಯಿಯಿಲ್ಲದ ಮರಿಗೆ ಮೊದಲನೆಯ ವಾರದಲ್ಲಿ ಸುಮಾರು 95 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 35 ಡಿಗ್ರಿ ಸೆಂಟಿಗ್ರೇಡಿನಷ್ಟು ಉಷ್ಣವು ಬೇಕು. ಆಮೇಲೆ ವಾರಕ್ಕೆ 5 ಡಿಗ್ರಿ ಫ್ಯಾರನ್‌ಹೀಟಿನಂತೆ ಇಳಿಸುತ್ತ ಬಂದು, ಐದಾರು ವಾರಗಳಲ್ಲಿ ಗರಿ ತುಂಬಿದ ಮೇಲೆ ನಿಲ್ಲಿಸಬಹುದು.

ಇದಕ್ಕೆ ದೊಡ್ಡ ಸಲಕರಣೆಗಳೇನೂ ಬೇಕಾಗಿಲ್ಲ. ಇಪ್ಪತ್ತು ಮರಿಗಳಿಗೆ ಮೂರು ನಾಲ್ಕು ಅಡಿ ಅಗಲದ ಜಾಗವನ್ನು ಒಂದೂವರೆ ಅಡಿ ಎತ್ತರದ ರಟ್ಟಿನಿಂದ ದುಂಡಗೆ ಸುತ್ತುಗಟ್ಟಬೇಕು. ಮೂಲೆಗಳಿದ್ದಲ್ಲಿ ಮರಿಗಳು ಒಂದರ ಮೇಲೊಂದು ಬಿದ್ದು ಉಸಿರುಕಟ್ಟಿ ಸಾಯುವುದರಿಂದ ದುಂಡಾಗಿರುವುದು ಅವಶ್ಯಕ. ನೆಲಕ್ಕೆ ಎರಡು ಅಂಗುಲ ದಪ್ಪವಾಗಿ ಒಣಗಿದ ಭತ್ತದ ಹೊಟ್ಟನ್ನು ಹರಡಿ, ಮೊದಲ ಎರಡು ಮೂರು ದಿನಗಳು ಮರಿಗಳು ಹೊಟ್ಟನ್ನೇ ತಿನ್ನದಂತೆ ಅದರ ಮೇಲೆ ಗೋಣಿತಟ್ಟನ್ನು ಹಾಸತಕ್ಕದ್ದು. ಅನೇಕರು ವೃತ್ತಪತ್ರಿಕೆಯನ್ನು ಹಾಸುತ್ತಾರೆ. ನುಣುಪಾದ ಕಾಗದದ ಮೇಲೆ ಕಾಲು ಜಾರಿ, ಎಳೆಯ ಕಾಲುಗಳು ಎರಡು ಕಡೆಗೂ ಸೀಳಿದಂತಾಗಿ ಮರಿಯು ಕುಂಟಾಗುವುದುಂಟು.

ನಡುವೆ ಒಂದೂವರೆ ಅಡಿ ಎತ್ತರದಲ್ಲಿ 60 ವ್ಯಾಟಿನ ಹಳೆಯ ಬಗೆಯ, ತಂತಿ ಕಾಯುವ ವಿದ್ಯುದ್ದೀಪವನ್ನು ತೂಗುಹಾಕಿದರೆ ಇಪ್ಪತ್ತು ಮರಿಗಳಿಗೆ ಸಾಮಾನ್ಯವಾಗಿ ಸಾಕು. ಇಂದು ಮನೆಮನೆಗಳಲ್ಲಿರುವ ಎಲ್‌ಇಡಿ ದೀಪವು ಬೆಳಕನ್ನು ಕೊಡುತ್ತದೆಯೇ ಹೊರತು ಮರಿಗೆ ಬೇಕಾದ ಶಾಖವನ್ನು ಕೊಡುವುದಿಲ್ಲ. ಅದನ್ನು ಉರಿಸಿ ಮರಿಗಳು ಬೆಚ್ಚಗಿವೆಯೆಂದು ನಂಬುವುದು ದೊಡ್ಡ ಅಪಾಯ. ದೀಪದ ಬುಡ್ಡಿಯನ್ನು ಎರಡು ಕಡೆ ಭದ್ರವಾಗಿ ಕಟ್ಟಬೇಕು, ಏಕೆಂದರೆ ಅದು ಒಣಹೊಟ್ಟಿನ ಮೇಲೆ ಬಿದ್ದರೆ ಮನೆಯೇ ಹೊತ್ತಿಕೊಳ್ಳಬಹುದು. ರಾತ್ರಿ ವಿದ್ಯುತ್ತು ನಿಂತರೆ ಬಿಸಿನೀರು ತುಂಬಿದ ಸೀಸೆಗಳನ್ನು ಬಟ್ಟೆಯಲ್ಲಿ ಸುತ್ತಿ ಮರಿಗಳ ನಡುವೆ ಇಡುವುದು ಒಳ್ಳೆಯ ಉಪಾಯ. ಮುಚ್ಚಿದ ಕೋಣೆಯಲ್ಲಿ ಕೆಂಡದ ಮಡಕೆಯನ್ನು ಇಡುವುದು ಮರಿಗಳಿಗೂ ಮನುಷ್ಯರಿಗೂ ಪ್ರಾಣಾಪಾಯಕರ.

ಉಷ್ಣಮಾಪಕವಿಲ್ಲದವರು ಚಿಂತಿಸಬೇಕಾಗಿಲ್ಲ. ಮರಿಗಳೇ ಉಷ್ಣಮಾಪಕ. ಅವು ದೀಪದಡಿಯಲ್ಲಿ ಒತ್ತೊತ್ತಾಗಿ ಗುಂಪುಕಟ್ಟಿ ಏರುದನಿಯಲ್ಲಿ ಎಡೆಬಿಡದೆ ಕೂಗುತ್ತಿದ್ದರೆ ಚಳಿಯಾಗಿದೆಯೆಂದು ಅರ್ಥ, ದೀಪವನ್ನು ಇಳಿಸಿರಿ. ದೂರ ಸರಿದು, ಬಾಯಿ ತೆರೆದು, ರೆಕ್ಕೆ ಇಳಿಬಿಟ್ಟಿದ್ದರೆ ಸೆಕೆ ಹೆಚ್ಚಾಗಿದೆ, ದೀಪವನ್ನು ಏರಿಸಿರಿ. ಎಲ್ಲವೂ ಒಂದೇ ಪಕ್ಕಕ್ಕೆ ಸೇರಿದ್ದರೆ ಎದುರು ಕಡೆಯಿಂದ ಗಾಳಿ ಬೀಸುತ್ತಿದೆ; ಸಂದನ್ನು ಮುಚ್ಚಿರಿ. ಜಾಗದ ತುಂಬ ಹರಡಿಕೊಂಡು, ಕೆಲವು ತಿನ್ನುತ್ತ, ಕೆಲವು ಕಾಲು ಚಾಚಿ ಮಲಗಿ, ಮೆಲುದನಿಯಲ್ಲಿ ಗುನುಗುಟ್ಟುತ್ತಿದ್ದರೆ ನೀವು ನಿಶ್ಚಿಂತೆಯಿಂದ ಮಲಗಬಹುದು. ರಾಯಚೂರು ಕಲಬುರಗಿಗಳ ವೈಶಾಖದ ಹಗಲಿನಲ್ಲಿ ಬಿಸಿಲೇ ಬೇಕಾದಷ್ಟಾಗಿ, ದೀಪಕ್ಕೆ ಬದಲು ನೆರಳನ್ನು ಹುಡುಕಬೇಕಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿಯೂ ಬೆಂಗಳೂರಿನ ಮಾಗಿಯ ರಾತ್ರಿಯಲ್ಲಿಯೂ ದೀಪವು ಒಂದು ತಾಸು ಆರಿದರೂ ಮರಿಗಳು ನರಳುತ್ತವೆ. ಆದುದರಿಂದ ಡಿಗ್ರಿಯ ಲೆಕ್ಕಕ್ಕಿಂತಲೂ ಕಣ್ಣು ಕಿವಿಗಳ ಎಚ್ಚರವೇ ಮೇಲು.

ಎರಡನೆಯದು ನೀರು. ಮರಿಗಳು ಬಂದೊಡನೆ ಆಹಾರಕ್ಕೆ ಮೊದಲು ನೀರನ್ನು ಕೊಡಬೇಕು. ತಣ್ಣೀರು ಬೇಡ, ಕಾಯಿಸಿ ಆರಿಸಿದ ಉಗುರುಬೆಚ್ಚಗಿನ ನೀರಿಗೆ ಮೊದಲ ದಿನ ಸ್ವಲ್ಪ ಬೆಲ್ಲವನ್ನು ಕರಗಿಸಿಡುವ ರೂಢಿಯುಂಟು, ಪ್ರಯಾಣದಿಂದ ಬಳಲಿದ ಮರಿಗೆ ಅದು ಹಿತವೇ. ಒಂದೊಂದು ಮರಿಯನ್ನೂ ಹಿಡಿದು, ಕೊಕ್ಕಿನ ತುದಿಯನ್ನು ಮಾತ್ರ ಒಮ್ಮೆ ನೀರಿಗೆ ಮುಟ್ಟಿಸಿ ಬಿಟ್ಟರೆ ಸಾಕು. ಒಂದು ಕಲಿತುದನ್ನು ನೋಡಿ ಇನ್ನೊಂದು ಕಲಿಯುತ್ತದೆ. ಆಳವಾದ ಬಟ್ಟಲಿನಲ್ಲಿ ಮರಿಯು ಮುಳುಗಿ ಸಾಯುವುದರಿಂದ, ತಟ್ಟೆಯಲ್ಲಿ ಶುಚಿಯಾದ ಬೆಣಚುಕಲ್ಲುಗಳನ್ನು ತುಂಬಿ ಸಂದುಗಳಲ್ಲಿ ನೀರು ನಿಲ್ಲುವಂತೆ ಮಾಡಬೇಕು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತಟ್ಟೆಯನ್ನು ತೊಳೆಯತಕ್ಕದ್ದು.

ಮೂರನೆಯದು ಆಹಾರ. ತಾಯಿಯು ಮಣ್ಣನ್ನು ಕೆದರಿ ಹುಳುವನ್ನು ಹೊರತೆಗೆದು, ಕೊಕ್ಕಿನಿಂದ ಎತ್ತಿ ಬೀಳಿಸಿ, ವಿಶೇಷವಾದ ಒಂದು ಸ್ವರದಿಂದ ಮರಿಗಳನ್ನು ಕರೆಯುತ್ತಾಳೆ. ಗೆದ್ದಲ ಹುಳು ಸಿಕ್ಕಿದ ದಿನ ಮರಿಗಳಿಗೆ ಹಬ್ಬ. ಇದರ ಅರ್ಥವೇನು? ಎಳೆಯ ಮರಿಗೆ ಕಾಳಿಗಿಂತ ಹೆಚ್ಚಾಗಿ ಮಾಂಸಕಟ್ಟುವ ಸತ್ವ, ಅಂದರೆ ಪ್ರೋಟೀನು ಬೇಕೆಂಬುದು. ಅಂಗಡಿಯಲ್ಲಿ ದೊರೆಯುವ ಮರಿಗಳ ಆಹಾರದಲ್ಲಿ ಅದು ನೂರಕ್ಕೆ 20ರ ಸುಮಾರಿಗಿರುತ್ತದೆ. ಮೊದಲ ಕೆಲವು ವಾರಗಳಿಗೆ ಅದೇ ಸುಲಭವೂ ನಿಶ್ಚಿತವೂ ಆದ ಮಾರ್ಗ. ಮನೆಯಲ್ಲಿಯೇ ಸಿದ್ಧಪಡಿಸುವವರು ಜೋಳದ ನುಚ್ಚು, ರಾಗಿ ಹಿಟ್ಟುಗಳೊಡನೆ ಸೋಯಾ ಹಿಂಡಿಯನ್ನೋ ಒಣಮೀನಿನ ಪುಡಿಯನ್ನೋ ಬೆರೆಸಲೇಬೇಕು. ಸಣ್ಣಗೆ ಹೆಚ್ಚಿದ ನುಗ್ಗೆಸೊಪ್ಪು ಒಳ್ಳೆಯದು; ಜೊತೆಗೆ, ಹಲ್ಲಿಲ್ಲದ ಹಕ್ಕಿಗೆ ಅರೆಯುವ ಕಲ್ಲಾಗಿ ಒಂದು ಚಿಟಿಕೆ ದಪ್ಪಮರಳೂ ಬೇಕು. ಮೊಟ್ಟೆಯಿಡುವ ಕೋಳಿಯ ಆಹಾರವನ್ನು ಮಾತ್ರ ಮರಿಗೆ ಹಾಕಬಾರದು. ಚಿಪ್ಪು ಕಟ್ಟುವುದಕ್ಕಾಗಿ ಅದರಲ್ಲಿ ಬೆರೆಸಿರುವ ಸುಣ್ಣದ ಅಂಶವು ಎಳೆಯ ಮೂತ್ರಪಿಂಡಗಳನ್ನು ಕೆಡಿಸುತ್ತದೆ.

ಬರಿಯ ಅನ್ನವನ್ನೂ ಅಕ್ಕಿಯ ನುಚ್ಚನ್ನೂ ಹಾಕಿ ಮರಿಗಳನ್ನು ಬೆಳೆಸುವವರು ನಮ್ಮಲ್ಲಿ ಬಹಳ. ಅವರು ಕೇಳಬೇಕಾದ ಒಂದು ಚರಿತ್ರೆಯುಂಟು. 1890ರ ಸುಮಾರಿಗೆ ಜಾವಾ ದ್ವೀಪದ ಬಟೇವಿಯಾ ನಗರದಲ್ಲಿ, ಅಂದರೆ ಈಗಿನ ಜಕಾರ್ತದಲ್ಲಿ, ಕ್ರಿಸ್ಟಿಯಾನ್ ಐಕ್‌ಮನ್ ಎಂಬ ಡಚ್ ವೈದ್ಯನು ಬೆರಿಬೆರಿ ರೋಗದ ಕಾರಣವನ್ನು ಹುಡುಕುತ್ತಿದ್ದನು. ಅವನ ಪ್ರಯೋಗಶಾಲೆಯ ಕೋಳಿಗಳಿಗೆ ಕಾಲಿನ ಬಲ ಕುಂದಿ, ನಿಲ್ಲಲಾರದೆ ಬೀಳತೊಡಗಿದವು. ಕೆಲವು ಕಾಲದ ಮೇಲೆ ತಾವಾಗಿಯೇ ಗುಣವಾದುವು. ವಿಚಾರಿಸಲಾಗಿ, ಸೈನಿಕ ಆಸ್ಪತ್ರೆಯ ಅಡಿಗೆಮನೆಯಲ್ಲಿ ಉಳಿದ ಬಿಳಿಯ ಅನ್ನವನ್ನು ಅವುಗಳಿಗೆ ಹಾಕುತ್ತಿದ್ದರೆಂದೂ, ಹೊಸದಾಗಿ ಬಂದ ಅಡಿಗೆಯವನು ಅದನ್ನು ಕೊಡಲು ಒಪ್ಪದಿದ್ದುದರಿಂದ ತೌಡಿರುವ ಅಕ್ಕಿಯನ್ನು ಹಾಕತೊಡಗಿದ ಮೇಲೆ ರೋಗ ನಿಂತಿತೆಂದೂ ತಿಳಿಯಿತು. ನಾವು ನಯಮಾಡಿ ತೆಗೆದೆಸೆಯುವ ತೌಡಿನಲ್ಲಿ ಪ್ರಾಣಧಾರಕವಾದ ಒಂದು ವಸ್ತುವಿದೆಯೆಂಬ ಜ್ಞಾನಕ್ಕೆ ಇದು ದಾರಿ ತೆರೆಯಿತು. ಇಂದು ನಾವು ಬಿ1 ಎಂದು ಕರೆಯುವ ಜೀವಸತ್ವವು ಅದೇ. ಐಕ್‌ಮನ್ನನಿಗೆ 1929ರಲ್ಲಿ ನೊಬೆಲ್ ಬಹುಮಾನವು ಬಂದಿತು. ಕೋಳಿಗಳು ಲೋಕಕ್ಕೆ ಕಲಿಸಿದ ಪಾಠವನ್ನು ನಾವು ಕೋಳಿಗಳ ವಿಷಯದಲ್ಲಿಯೇ ಮರೆಯುವುದು ಸಲ್ಲದು.

ಈಗ ಬಾತುಮರಿಗಳ ವಿಷಯ. ಕೋಳಿಯನ್ನು ಸಾಕಬಲ್ಲೆವೆಂಬ ಧೈರ್ಯದಿಂದ ಬಾತನ್ನು ತಂದವರು ಮೊದಲ ವಾರದಲ್ಲಿಯೇ ಬೇಸರಪಡುತ್ತಾರೆ. ಏಕೆಂದರೆ ಬಾತುಮರಿಯು ತಟ್ಟೆಯ ನೀರನ್ನೆಲ್ಲ ನೆಲಕ್ಕೆ ಚೆಲ್ಲಿ, ನೆಲವನ್ನೆಲ್ಲ ಕೆಸರು ಮಾಡಿ, ಆ ಕೆಸರಿನಲ್ಲಿ ಸಂತೋಷವಾಗಿರುತ್ತದೆ. ಇದು ತುಂಟತನವಲ್ಲ. ಬಾತು ನೀರಿಲ್ಲದೆ ನುಂಗಲಾರದು. ಒಣಹಿಟ್ಟು ಅದರ ಗಂಟಲಿಗೆ ಅಂಟಿಕೊಳ್ಳುತ್ತದೆ. ಮೂಗಿನ ಹೊಳ್ಳೆಗಳನ್ನೂ ಕಣ್ಣುಗಳನ್ನೂ ತೊಳೆದುಕೊಳ್ಳಲು ಕೊಕ್ಕು ಪೂರ್ಣವಾಗಿ ಮುಳುಗುವಷ್ಟು ನೀರು ಅದಕ್ಕೆ ಬೇಕೇಬೇಕು. ಆದುದರಿಂದ ನೀರಿನ ಪಾತ್ರೆಯು ಕೊಕ್ಕು ಮುಳುಗುವಷ್ಟು ಆಳವಾಗಿಯೂ, ಮೈ ಇಳಿಸಲಾಗದಷ್ಟು ಕಿರಿದಾಗಿಯೂ ಇರತಕ್ಕದ್ದು. ಅದನ್ನು ತಂತಿಬಲೆಯ ಮಣೆಯ ಮೇಲಿಟ್ಟು ಕೆಳಗೆ ಒಂದು ಬೋಗುಣಿಯನ್ನಿಟ್ಟರೆ ಚೆಲ್ಲಿದ ನೀರು ಹಾಸಿಗೆಯನ್ನು ತೋಯಿಸುವುದಿಲ್ಲ. ಹಿಟ್ಟನ್ನು ನೀರಿನಿಂದ ಕಲಸಿ ಆಗಿಂದಾಗ್ಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು; ಹುಳಿತುದನ್ನು ಎಸೆಯಬೇಕು. ಕೋಳಿಮರಿಗಳೊಡನೆ ಒಂದೇ ಗೂಡಿನಲ್ಲಿ ಬಾತುಮರಿಗಳನ್ನು ಬೆಳೆಸಬಾರದು: ಒಂದರ ಸುಖವಾದ ತೇವವು ಇನ್ನೊಂದಕ್ಕೆ ಮೃತ್ಯು. ಕೋಳಿಮರಿಗಳಿಗೆಂದು ಔಷಧ ಬೆರೆಸಿ ಮಾರುವ ಆಹಾರವನ್ನು ಪಶುವೈದ್ಯರನ್ನು ಕೇಳದೆ ಬಾತುಮರಿಗಳಿಗೆ ಹಾಕುವುದೂ ತರವಲ್ಲ.

ಬಾತುಮರಿಗೆ ನಯಾಸಿನ್ ಎಂಬ ಜೀವಸತ್ವವು ಕೋಳಿಮರಿಗಿಂತ ಬಹಳ ಹೆಚ್ಚಾಗಿ ಬೇಕು. ಅದು ಸಾಲದಿದ್ದರೆ ಕಾಲುಗಳು ಸೊಟ್ಟಗಾಗಿ, ಮರಿಯು ನಡೆಯಲಾರದೆ ಕುಳಿತುಬಿಡುತ್ತದೆ. ಭತ್ತದ ತೌಡಿನಲ್ಲಿಯೂ ಯೀಸ್ಟ್ ಪುಡಿಯಲ್ಲಿಯೂ ಈ ಸತ್ವವು ಹೇರಳವಾಗಿದೆ. ಕಲಸಿದ ಹಿಟ್ಟಿಗೆ ಇವುಗಳಲ್ಲೊಂದನ್ನು ಬೆರೆಸುವುದು ಒಳ್ಳೆಯ ಅಭ್ಯಾಸ.

ಆದರೆ ಹಿಂಡಿಯ ವಿಷಯದಲ್ಲಿ ಬಹಳ ಎಚ್ಚರವಿರಬೇಕು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿಕೋಳಿಯ ಮರಿಗಳೂ, ಅವುಗಳೊಡನೆ ಬಾತುಮರಿಗಳೂ ಕಾರಣ ತಿಳಿಯದೆ ಸತ್ತುವು. ಶೋಧಿಸಿದಾಗ, ಬ್ರೆಜಿಲ್ ದೇಶದಿಂದ ಬಂದ ಕಡಲೆಕಾಯಿ ಹಿಂಡಿಗೆ ಹಿಡಿದಿದ್ದ ಬೂಷ್ಟಿನಲ್ಲಿ ವಿಷವಿದ್ದುದು ಹೊರಬಿದ್ದಿತು. ಆ ವಿಷಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಾಯಿತು. ಬಾತುಮರಿಯು ಅದರ ವಿಷಯದಲ್ಲಿ ಎಷ್ಟು ಸೂಕ್ಷ್ಮವೆಂದರೆ, ವಿಷವಿದೆಯೇ ಇಲ್ಲವೇ ಎಂದು ಪರೀಕ್ಷಿಸುವುದಕ್ಕೆ ವಿಜ್ಞಾನಿಗಳು ಒಂದು ದಿನದ ಬಾತುಮರಿಗಳನ್ನೇ ಉಪಯೋಗಿಸುತ್ತಿದ್ದರು. ಕಡಲೆಕಾಯಿ ಬೆಳೆಯುವ ನಮ್ಮ ಸೀಮೆಯಲ್ಲಿ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದ ಹಿಂಡಿಯನ್ನು, “ಮನುಷ್ಯರಿಗಲ್ಲವಷ್ಟೆ, ಕೋಳಿಗೆ ಹಾಕಿ” ಎನ್ನುವುದು ಸಾಮಾನ್ಯ. ಬೂಷ್ಟು ಹಿಡಿದ ಹಿಂಡಿ, ಕಾಳು, ರೊಟ್ಟಿ ಯಾವುದೂ ಮರಿಗಳಿಗೆ ಕೂಡದು.

ಬಾತುಮರಿಯನ್ನು ನೀರಿಗೆ ಬಿಡುವುದು ಯಾವಾಗ? ತಾಯಿಯ ಸಂಗಡವಿದ್ದರೆ ಆ ಚಿಂತೆ ನಿಮ್ಮದಲ್ಲ. ಅವಳ ಗರಿಯ ಎಣ್ಣೆಯೂ ಅವಳ ಮೈಯ ಕಾವೂ ಮರಿಗೆ ದೊರೆಯುತ್ತವೆ. ತಾಯಿಯಿಲ್ಲದ ಮರಿಯನ್ನು ಹುಟ್ಟಿದ ದಿನವೇ ತೊಟ್ಟಿಗೆ ಬಿಟ್ಟರೆ ತುಪ್ಪುಳು ನೆನೆದು, ಮೈ ತಣ್ಣಗಾಗಿ ಸಾಯುತ್ತದೆ. ಮೈಮೇಲೆ ಗರಿ ಮೂಡಿದ ಮೇಲೆ, ಬಿಸಿಲಿರುವಾಗ, ಏರಿ ಬರಲು ಇಳಿಜಾರಿರುವ ತೆಳುನೀರಿನಲ್ಲಿ, ಕಣ್ಣೆದುರಿಗೆ ಬಿಡಬೇಕು. ಹೇಂಟೆಯ ಕೆಳಗೆ ಬಾತಿನ ಮೊಟ್ಟೆಗಳನ್ನಿಟ್ಟು ಮರಿ ಮಾಡಿಸುವ ರೂಢಿಯೂ ಉಂಟು. ಅಂಥ ಮರಿಗಳು ಕೆರೆಯನ್ನು ಕಂಡೊಡನೆ ನೀರಿಗಿಳಿದಾಗ, ಸಾಕಿದ ಹೇಂಟೆಯು ದಡದಲ್ಲಿ ಅತ್ತಿಂದಿತ್ತ ಓಡಾಡುತ್ತ ಕೂಗಿಕೊಳ್ಳುವುದನ್ನು ಕಂಡವರ ಮನಸ್ಸು ಕರಗದಿರದು. ತನ್ನಂತಲ್ಲದ ಮರಿಯನ್ನೂ ತನ್ನದೆಂದೇ ಸಾಕುವ ಗುಣವು ಆ ಪ್ರಾಣಿಗೆ ಇದೆ.

ಇನ್ನು ರೋಗಗಳು. ಎಲ್ಲವನ್ನೂ ವಿವರಿಸುವುದಕ್ಕೆ ಸಮಯವಿಲ್ಲ. ಮೂರನ್ನು ಮಾತ್ರ ಹೇಳುತ್ತೇವೆ. ಮೊದಲನೆಯದು, ಎಳೆಯ ಮರಿಯ ಹಿಕ್ಕೆ ಹಿಂಭಾಗಕ್ಕೆ ಮೆತ್ತಿ ಒಣಗಿ ದ್ವಾರವನ್ನೇ ಮುಚ್ಚಿಬಿಡುವುದು. ಬೆಚ್ಚನೆಯ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮೆಲ್ಲನೆ ನೆನೆಸಿ ತೆಗೆದು, ಮೈ ಒಣಗಿಸಿ ಕಾವಿಗೆ ಬಿಡಬೇಕು. ಇದನ್ನು ನೋಡದಿದ್ದರೆ ಮರಿಯು ಸಾಯುತ್ತದೆ. ನೋಡುವುದಕ್ಕೆ ದಿನಕ್ಕೆ ಐದು ನಿಮಿಷ ಸಾಕು. ಎರಡನೆಯದು ರಕ್ತಭೇದಿ. ಮೂರರಿಂದ ಆರನೆಯ ವಾರದೊಳಗೆ ಹೆಚ್ಚಾಗಿ ಬರುವ ಈ ಬೇನೆಯ ಬೀಜಗಳು ಹಿಕ್ಕೆಯಲ್ಲಿದ್ದು, ತೇವ ದೊರೆತರೆ ಬಲಿಯುತ್ತವೆ. ಹೊಟ್ಟನ್ನು ಒಣಗಿಟ್ಟವರ ಮನೆಗೆ ಇದು ಬರುವುದು ಅಪರೂಪ. ಹಿಕ್ಕೆಯಲ್ಲಿ ರಕ್ತ ಕಂಡ ದಿನವೇ ಪಶುವೈದ್ಯಾಲಯಕ್ಕೆ ಹೋಗತಕ್ಕದ್ದು.

ಮೂರನೆಯದು ನಮ್ಮ ಜನ ಕೊಕ್ಕರೆ ರೋಗವೆಂದು ಕರೆಯುವ ಮಹಾಮಾರಿ. 1926ರಲ್ಲಿ ಜಾವಾದಲ್ಲಿಯೂ ಇಂಗ್ಲೆಂಡಿನ ನ್ಯೂಕಾಸಲಿನಲ್ಲಿಯೂ ಕಾಣಿಸಿಕೊಂಡ ಇದನ್ನು ನಮ್ಮ ದೇಶದಲ್ಲಿ ಕುಮಾವೂನ್ ಬೆಟ್ಟಸೀಮೆಯ ರಾಣಿಖೇತದಲ್ಲಿ ಗುರುತಿಸಿದುದರಿಂದ ರಾಣಿಖೇತ್ ರೋಗವೆಂದೇ ಹೆಸರಾಗಿದೆ. ಬಂದ ಮೇಲೆ ಇದಕ್ಕೆ ಮದ್ದಿಲ್ಲ. ಬಾರದಂತೆ ತಡೆಯುವ ಲಸಿಕೆಯಿದೆ. ಮೊದಲನೆಯ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ. ಆರರಿಂದ ಎಂಟನೆಯ ವಾರದಲ್ಲಿ ಚುಚ್ಚುಮದ್ದು. ಇದರಲ್ಲಿ ಒಂದು ತೊಡಕುಂಟು. ಲಸಿಕೆಯ ಸೀಸೆಯು ಸಾಮಾನ್ಯವಾಗಿ ನೂರು ಅಥವಾ ಅದಕ್ಕೂ ಹೆಚ್ಚು ಹಕ್ಕಿಗಳಿಗಾಗುವಷ್ಟು ಬರುತ್ತದೆ. ಬೆರೆಸಿದ ಮೇಲೆ ಮಂಜುಗಡ್ಡೆಯಲ್ಲಿಟ್ಟು ಒಂದೆರಡು ಗಂಟೆಗಳೊಳಗೆ ಮುಗಿಸಬೇಕು. ಹತ್ತು ಮರಿಗಳುಳ್ಳ ಹೆಂಗಸು ಅದನ್ನು ಒಬ್ಬಳೇ ತರಿಸಲಾರಳು. ಆದರೆ ಬೀದಿಯ ಹತ್ತು ಮನೆಗಳವರು ಒಂದು ಸಂಜೆಯನ್ನು ಗೊತ್ತುಮಾಡಿಕೊಂಡು ಮರಿಗಳನ್ನೆಲ್ಲ ಒಂದೆಡೆಗೆ ತಂದರೆ, ಒಂದೇ ಸೀಸೆಯಲ್ಲಿ ಇಡೀ ಬೀದಿಗೆ ರಕ್ಷಣೆಯಾಗುತ್ತದೆ. ಈ ರೋಗವು ಮನೆಯಿಂದ ಮನೆಗೆ ಹರಡತಕ್ಕದ್ದಾದುದರಿಂದ ನೆರೆಯವಳ ಮರಿಯನ್ನು ಉಳಿಸುವುದೂ ನಮ್ಮ ಮರಿಯನ್ನು ಉಳಿಸಿಕೊಳ್ಳುವುದೂ ಒಂದೇ ಆಗಿದೆ. ಒಂದೇ ಸಲಕ್ಕೆ ಅನೇಕ ಹಕ್ಕಿಗಳು ಸತ್ತರೆ ಅವುಗಳನ್ನು ತಿನ್ನದೆ, ಮಾರದೆ, ಹಳ್ಳಕ್ಕೆ ಎಸೆಯದೆ, ಪಶುವೈದ್ಯರಿಗೆ ಒಡನೆಯೇ ತಿಳಿಸತಕ್ಕದ್ದು.

ಶತ್ರುಗಳನ್ನು ಹೆಚ್ಚಾಗಿ ಪರಿಚಯಿಸಬೇಕಾಗಿಲ್ಲ. ಹಗಲಿನಲ್ಲಿ ಹದ್ದು, ಕಾಗೆ, ಮುಂಗುಸಿ. ಇರುಳಿನಲ್ಲಿ ಹೆಗ್ಗಣ, ಕಾಡುಬೆಕ್ಕು, ಹಾವು. ಸರ್ವಕಾಲದಲ್ಲಿಯೂ ನಮ್ಮದೇ ಬೆಕ್ಕು. ಹಗಲು ಬಿದಿರಿನ ಪಂಜರವನ್ನು ಮುಚ್ಚಿ, ರಾತ್ರಿ ಅರ್ಧ ಅಂಗುಲದ ತಂತಿಬಲೆಯಿರುವ ಪೆಟ್ಟಿಗೆಯಲ್ಲಿಟ್ಟರೆ ಸಾಕು. ದೊಡ್ಡ ಕಣ್ಣಿನ ಬಲೆಯಾದರೆ ಹೆಗ್ಗಣವು ಸಂದಿನಿಂದಲೇ ಮರಿಯ ಕಾಲನ್ನು ಹಿಡಿದೆಳೆಯುತ್ತದೆ.

ಕೊನೆಯದಾಗಿ ಮಕ್ಕಳ ಮಾತು. ಮರಿಯು ಮಗುವಿನ ಹಿಂದೆಯೇ ಓಡುವುದನ್ನು ನೋಡಿ ಮನೆಯವರೆಲ್ಲರೂ ನಗುತ್ತಾರೆ. 1873ರಲ್ಲಿ ಡಗ್ಲಸ್ ಸ್ಪಾಲ್ಡಿಂಗ್ ಎಂಬ ಆಂಗ್ಲ ಪ್ರಕೃತಿವಿಜ್ಞಾನಿಯು, ಹುಟ್ಟಿದ ಕೋಳಿಮರಿಗಳು ಮೊದಲು ಕಂಡ ಚಲಿಸುವ ವಸ್ತುವನ್ನು ಹಿಂಬಾಲಿಸುತ್ತವೆಂಬುದನ್ನು ಬರೆದನು. 1935ರಲ್ಲಿ ಆಸ್ಟ್ರಿಯಾ ದೇಶದ ಕಾನ್ರಾಡ್ ಲೊರೆನ್ಜ್ ಈ ಸ್ವಭಾವವನ್ನು ಕ್ರಮವಾಗಿ ವಿವರಿಸಿದನು. ಹೆಬ್ಬಾತಿನ ಮರಿಗಳು ಅವನನ್ನೇ ತಾಯಿಯೆಂದು ಹಿಂಬಾಲಿಸುತ್ತಿದ್ದುವು. 1973ರಲ್ಲಿ ನೊಬೆಲ್ ಬಹುಮಾನವನ್ನು ಪಡೆದವರಲ್ಲಿ ಅವನೂ ಒಬ್ಬ. ನಿಮ್ಮ ಮಗುವಿನ ಹಿಂದೆ ಓಡುವ ಮರಿಯು ಆಡುತ್ತಿಲ್ಲ, ನಂಬುತ್ತಿದೆ. ಈ ಮಾತನ್ನು ಮಗುವಿಗೆ ತಿಳಿಸಿದರೆ ಅದು ಅರ್ಥಮಾಡಿಕೊಳ್ಳುತ್ತದೆ. ನೆಲದ ಮೇಲೆ ಕುಳಿತು, ಎರಡು ಕೈಗಳ ಬೊಗಸೆಯಲ್ಲಿ, ಕೆಲವೇ ನಿಮಿಷ ಹಿಡಿದು ಕಾವಿಗೆ ಬಿಡುವುದನ್ನು ಕಲಿಸಬೇಕು. ಮುಟ್ಟಿದ ಮೇಲೆ ಸಾಬೂನಿನಿಂದ ಕೈತೊಳೆಯಬೇಕು, ಮರಿಗೆ ಮುತ್ತಿಡಬಾರದು, ಮರಿಗಳನ್ನು ಅಡಿಗೆಮನೆಯಲ್ಲಿ ಇಡಬಾರದು. ನೋಡುವುದಕ್ಕೆ ಆರೋಗ್ಯವಾಗಿರುವ ಮರಿಯಿಂದಲೂ ಸಾಲ್ಮೊನೆಲ್ಲ ಎಂಬ ಕ್ರಿಮಿಯು ಮನುಷ್ಯರಿಗೆ ಅಂಟಬಹುದು. ಐದು ವರ್ಷದೊಳಗಿನ ಮಕ್ಕಳಿಗೆ ಅದು ತೀಕ್ಷ್ಣವಾಗಿ ಬಾಧಿಸುತ್ತದೆ.

ಹಾಗಾದರೆ ಮರಿಗಳನ್ನು ತರಲೇಬಾರದೆಂದು ನಾವು ಹೇಳುತ್ತಿದ್ದೇವೆಯೇ? ಇಲ್ಲ. ತರುವುದಕ್ಕೆ ಮೊದಲು ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳಿರೆಂದು ಮಾತ್ರ ಬೇಡುತ್ತೇವೆ. ಆರು ವಾರಗಳ ಕಾಲ ಹಗಲು ನಾಲ್ಕು ಸಲ, ರಾತ್ರಿ ಒಂದು ಸಲ ಎದ್ದು ನೋಡುವವರು ಮನೆಯಲ್ಲಿರುವರೇ? ಬೆಳೆದು ಹುಂಜವಾಗಿ ಬೆಳಗಿನ ಜಾವ ಕೂಗಿದಾಗ ಅದಕ್ಕೆ ಜಾಗವುಂಟೇ? ಒಂಟಿ ಮರಿಯು ಕೂಗಿ ಕೂಗಿ ಸೊರಗುವುದರಿಂದ ನಾಲ್ಕಾರನ್ನಾದರೂ ಒಟ್ಟಿಗೆ ಸಾಕುವ ಅನುಕೂಲವಿದೆಯೇ? ಇದ್ದರೆ ಸಂತೋಷದಿಂದ ತನ್ನಿರಿ. ಇಲ್ಲವಾದರೆ ಮಗುವನ್ನು ಹಳ್ಳಿಗೆ ಕರೆದುಕೊಂಡು ಹೋಗಿ ಹೇಂಟೆಯನ್ನೂ ಮರಿಗಳನ್ನೂ ತೋರಿಸಿರಿ. ಬಣ್ಣದ ಮರಿಯನ್ನು ಕೊಳ್ಳಬೇಡಿರಿ. ಕೊಳ್ಳುವವರಿಲ್ಲದಿದ್ದರೆ ಅದ್ದುವವರೂ ಇರುವುದಿಲ್ಲ.

ಕೋಳಿ ತುಳಿದು ಮರಿ ಸತ್ತೀತೇ ಎಂಬ ಗಾದೆಯನ್ನು ನೀವು ಬಲ್ಲಿರಿ. ಹೇಂಟೆಯು ಮರಿಗಳ ನಡುವೆಯೇ ಓಡಾಡುತ್ತದೆ, ಕೆದರುತ್ತದೆ, ಅವುಗಳ ಮೇಲೆಯೇ ಕೂರುತ್ತದೆ. ಆದರೂ ಅದರ ಕಾಲು ಎಲ್ಲಿ ಬೀಳಬೇಕೆಂಬುದು ಅದಕ್ಕೆ ಗೊತ್ತು. ಮನುಷ್ಯನ ಕಾಲು ಅದಕ್ಕಿಂತ ಭಾರವಾದುದು. ಆದುದರಿಂದ ಅವನ ಎಚ್ಚರವೂ ಅದಕ್ಕಿಂತ ಹೆಚ್ಚಿನದಾಗಿರಬೇಕಲ್ಲವೇ?